ಪರೀಕ್ಷೆ ನಾಯಿಯದಲ್ಲ: ಸಿನಿಮಾ ಪರದೆಯ ಕೆಲವು ನಾಯಿಗಳ ಚರಿತ್ರೆ

1905ರಲ್ಲಿ ಇಂಗ್ಲೆಂಡಿನ ವಾಲ್ಟನ್-ಆನ್-ಥೇಮ್ಸ್ ಎಂಬ ಊರಿನಲ್ಲಿ ಸೆಸಿಲ್ ಹೆಪ್‌ವರ್ತ್ ಎಂಬ ಚಿತ್ರ ತಯಾರಕ ತನ್ನ ಮನೆಮಂದಿಯನ್ನೇ ಸೇರಿಸಿಕೊಂಡು ಒಂದು ಪುಟ್ಟ ಚಿತ್ರ ಮಾಡಿದ. ಕತೆ ಹೆಂಡತಿ ಮಾರ್ಗರೆಟ್‌ಳದು. ತಂದೆ ತಾಯಿಯ ಪಾತ್ರದಲ್ಲಿ ಗಂಡ ಹೆಂಡತಿಯೇ, ಮಗುವಿನ ಪಾತ್ರದಲ್ಲಿ ಅವರದೇ ಕೂಸು, ನಾಯಿಯ ಪಾತ್ರದಲ್ಲಿ ಅವರ ಮನೆಯ ಕೋಲಿ ತಳಿಯ ನಾಯಿ ಬ್ಲೇರ್. ನಿರ್ದೇಶಿಸಿದವನು ಲೆವಿನ್ ಫಿಟ್ಜ್‌ಹ್ಯಾಮನ್. ಖರ್ಚು 7 ಪೌಂಡ್ 13 ಶಿಲಿಂಗ್ 9 ಪೆನ್ಸ್. 'ರೆಸ್ಕ್ಯೂಡ್ ಬೈ ರೋವರ್' ಎಂಬ ಈ ಚಿತ್ರ ಏಳು ನಿಮಿಷದಷ್ಟೂ ಉದ್ದವಿಲ್ಲ. ಆದರೆ ಅದರ 395 ಪ್ರತಿಗಳು ಮಾರಾಟವಾದವು. ಪ್ರತಿ ತೆಗೆದು ತೆಗೆದು ನೆಗೆಟಿವ್ ಸವೆದುಹೋಗಿ, ಇಡೀ ಚಿತ್ರವನ್ನು ಮತ್ತೆ ಎರಡು ಸಲ ಚಿತ್ರೀಕರಿಸಬೇಕಾಯಿತು.

ಕತೆ ಸರಳ. ದಾದಿ ಮಗುವನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೊರಗೆ ಹೋಗುತ್ತಾಳೆ. ಭಿಕ್ಷೆ ಕೇಳಿದ ಹೆಂಗಸೊಬ್ಬಳಿಗೆ ಏನನ್ನೂ ಕೊಡದೆ ಮುಂದೆ ಸಾಗುತ್ತಾಳೆ. ದಾರಿಯಲ್ಲಿ ಸಿಕ್ಕ ಸೈನಿಕನೊಬ್ಬನ ಜೊತೆ ದಾದಿ ಮಾತಿಗೆ ನಿಂತಾಗ ಆ ಭಿಕ್ಷುಕಿ ಮಗುವನ್ನು ಎತ್ತಿಕೊಂಡು ಹೋಗುತ್ತಾಳೆ. ಸುದ್ದಿ ಮನೆಗೆ ಮುಟ್ಟಿದ್ದೇ ತಡ, ನಾಯಿ ಕಿಟಕಿ ಹಾರಿ, ಬೀದಿಯಲ್ಲಿ ಓಡಿ, ಹೊಳೆ ಈಜಿ, ಬಡವರ ಕೇರಿಯ ಬಾಗಿಲು ಬಾಗಿಲು ಮೂಸಿ ಮಗುವನ್ನು ಪತ್ತೆ ಹಚ್ಚುತ್ತದೆ. ಬಂದ ದಾರಿಯಲ್ಲೇ ವಾಪಸು ಓಡಿ ಯಜಮಾನನನ್ನು ಕರೆತರುತ್ತದೆ. ಮಗು ಮನೆ ಸೇರುತ್ತದೆ.

ನಾನು ಸಂಶೋಧನೆ ಮಾಡುತ್ತಿರುವುದು ಮೂಕಿ ಚಿತ್ರಗಳ ಕಾಲದ ಬಗ್ಗೆ. ನಮ್ಮ ಕ್ಷೇತ್ರದಲ್ಲಿ ಈ ಚಿತ್ರಕ್ಕೆ ಬೇರೆಯೇ ಕಾರಣಕ್ಕೆ ಗೌರವವಿದೆ. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗುವ ಓಟವನ್ನು ತುಣುಕು ತುಣುಕಾಗಿ ತೆಗೆದು, ನೋಡುವವನಿಗೆ ದಾರಿ ತಪ್ಪದ ಹಾಗೆ ಜೋಡಿಸುವುದು ಹೇಗೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಆರಂಭದ ಚಿತ್ರಗಳಲ್ಲಿ ಇದೂ ಒಂದು. ಹೋಗುವಾಗ ಕಂಡ ಬೀದಿ, ಹೊಳೆ, ಕೇರಿಗಳೇ ಬರುವಾಗ ತಿರುಗುಮುರುಗಾಗಿ ಕಾಣುತ್ತವೆ. ನಾಯಿ ಹೋಗುತ್ತಿದೆಯೋ ಬರುತ್ತಿದೆಯೋ ಎಂಬುದು ಬಾಯಿಬಿಟ್ಟು ಹೇಳದೆಯೇ ನಮಗೆ ಗೊತ್ತಾಗುತ್ತದೆ. ಸಂಕಲನವೆಂಬ ಕಲೆ ಬೆಳೆದ ದಾರಿಯಲ್ಲಿ ಒಂದು ನಾಯಿಯ ಹೆಜ್ಜೆಗುರುತೂ ಇದೆ ಎಂದು ನಾನು ಗೆಳೆಯರಿಗೆ ಹೇಳುವುದುಂಟು.

ಹಲವು ಸಲ ನೋಡಿದ ಮೇಲೆ ಎರಡು ವಿಷಯಗಳು ನನ್ನ ತಲೆಯಲ್ಲಿ ಉಳಿದವು. ಮೊದಲನೆಯದು ಆ ಭಿಕ್ಷುಕಿ. ಮಗು ಸಿಕ್ಕಿತು, ಮನೆ ನಗುತ್ತದೆ, ಚಿತ್ರ ಮುಗಿಯುತ್ತದೆ. ಆಕೆ ಏನಾದಳು ಎಂದು ಯಾರೂ ಕೇಳುವುದಿಲ್ಲ. ಸಿನಿಮಾದ ಈ ಮೊದಮೊದಲ ನಿಷ್ಠಾವಂತ ನಾಯಿ ಉಳ್ಳವರ ಮನೆಯ ನಾಯಿ. ಅದು ಓಡಿದ್ದು ಬಡವರ ಕೇರಿಯಿಂದ ಉಳ್ಳವರ ಸ್ವತ್ತನ್ನು ಮರಳಿ ತರಲು. ಎರಡನೆಯದು ನಾಯಿಯ ಓಟ. ಬ್ಲೇರ್ ಕ್ಯಾಮೆರಾದ ಕಡೆಗೆ ಓಡಿ ಬರುವಾಗಲೆಲ್ಲ ಅದು ನಿಜಕ್ಕೂ ಓಡಿ ಬರುತ್ತಿರುವುದು ಚೌಕಟ್ಟಿನ ಆಚೆ ನಿಂತು ಕರೆಯುತ್ತಿರುವ ತನ್ನವರ ಹತ್ತಿರಕ್ಕೆ. ನಾವು ಅದನ್ನು ಮಗುವಿನ ಮೇಲಿನ ಪ್ರೀತಿ ಎಂದು ಓದಿಕೊಳ್ಳುತ್ತೇವೆ.

ಸಿನಿಮಾದ ನಾಯಿಗಳನ್ನು ಈ ಎರಡನೆಯ ಅಂಶ ಇಟ್ಟುಕೊಂಡು ನೋಡತೊಡಗಿದರೆ ಚರಿತ್ರೆ ಬೇರೆಯೇ ಕಾಣುತ್ತದೆ. ನಾಯಿ ಯಾರನ್ನು ನೋಡುತ್ತಿದೆ? ಚೌಕಟ್ಟಿನಾಚೆ ನಿಂತ ಆ ಮನುಷ್ಯ ಯಾರು? ಆ ನಾಯಿ ಅವನ ಕೈಗೆ ಬಂದದ್ದು ಹೇಗೆ? ಹೀಗೆ ಕೇಳಿಕೊಂಡು ಹೋದಾಗ ಮತ್ತೆ ಮತ್ತೆ ಎದುರಾದದ್ದು ಒಂದೇ ಕತೆ: ಪರದೆಯ ಮೇಲೆ ನಿಷ್ಠೆಗೆ ಹೆಸರಾದ ನಾಯಿಗಳಲ್ಲಿ ಹಲವು, ಯಾರೋ ಮನುಷ್ಯರು ಕೈಬಿಟ್ಟ ನಾಯಿಗಳು.

*

ಮೊದಲ ಮಹಾಯುದ್ಧದಿಂದಲೇ ಶುರು ಮಾಡಬಹುದು. ಅಮೆರಿಕದ ಮೂಕಿ ಚಿತ್ರಗಳಲ್ಲಿ ತಾರೆಯಾಗಿ ಮೆರೆದ ಸ್ಟ್ರಾಂಗ್‌ಹಾರ್ಟ್ ಎಂಬ ಜರ್ಮನ್ ಶೆಫರ್ಡ್ 1917ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಪೊಲೀಸ್ ನಾಯಿಯಾಗಿ ತರಬೇತಿ ಪಡೆದದ್ದು. ಯುದ್ಧದಲ್ಲಿ ಸೋತ ದೇಶದಲ್ಲಿ ಅದರ ಒಡೆಯನಿಗೆ ನಾಯಿ ಸಾಕುವಷ್ಟು ಗತಿಯಿರಲಿಲ್ಲ. ಅಮೆರಿಕಕ್ಕೆ ಬಂದ ಅದನ್ನು ನಿರ್ದೇಶಕ ಲಾರೆನ್ಸ್ ಟ್ರಿಂಬಲ್ ಮತ್ತು ಲೇಖಕಿ ಜೇನ್ ಮರ್ಫಿನ್ ಕೊಂಡರು. 1921ರಲ್ಲಿ ಬಂದ 'ದ ಸೈಲೆಂಟ್ ಕಾಲ್' ದೊಡ್ಡ ಯಶಸ್ಸು ಕಂಡಿತು. ಎಂಟು ವರ್ಷಗಳ ನಂತರ ಚಿತ್ರೀಕರಣದ ದೀಪಕ್ಕೆ ತಗುಲಿ ಆದ ಸುಟ್ಟ ಗಾಯ ಗೆಡ್ಡೆಯಾಗಿ ಬೆಳೆದು ಅದು ಸತ್ತಿತು.

ಅದರ ಬೆನ್ನಿಗೇ ಬಂದದ್ದು ರಿನ್ ಟಿನ್ ಟಿನ್. ಅಮೆರಿಕದ ಸೈನಿಕ ಲೀ ಡಂಕನ್ ಹೇಳಿಕೊಂಡ ಪ್ರಕಾರ, 1918ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಫ್ಲಿರಿ ಎಂಬ ಹಳ್ಳಿಯಲ್ಲಿ, ಬಾಂಬಿಗೆ ಸಿಕ್ಕಿ ಹಾಳಾದ ನಾಯಿಮನೆಯೊಂದರಲ್ಲಿ ಒಂದು ತಾಯಿ ಮತ್ತು ಇನ್ನೂ ಕಣ್ಣು ಬಿಡದ ಮರಿಗಳು ಸಿಕ್ಕವು. ಜರ್ಮನ್ ಸೇನೆ ಹಿಮ್ಮೆಟ್ಟುವಾಗ ಬಿಟ್ಟುಹೋದ ನಾಯಿಗಳು ಅವು. ಡಂಕನ್ ಎರಡು ಮರಿಗಳನ್ನು ತನಗೆಂದು ಇಟ್ಟುಕೊಂಡ. ಫ್ರಾನ್ಸಿನ ಮಕ್ಕಳು ಅದೃಷ್ಟಕ್ಕೆಂದು ಸೈನಿಕರಿಗೆ ಕೊಡುತ್ತಿದ್ದ ಜೋಡಿ ಗೊಂಬೆಗಳ ಹೆಸರನ್ನೇ ಅವಕ್ಕೂ ಇಟ್ಟ: ರಿನ್ ಟಿನ್ ಟಿನ್ ಮತ್ತು ನ್ಯಾನೆಟ್. ಕಡಲು ದಾಟಿ ಅಮೆರಿಕ ಮುಟ್ಟಿದ ಕೆಲವೇ ದಿನಗಳಲ್ಲಿ ನ್ಯಾನೆಟ್ ನ್ಯುಮೋನಿಯಾದಿಂದ ಸತ್ತಿತು. ಉಳಿದದ್ದು ಒಂದು ಮರಿ, ಒಬ್ಬ ಮನುಷ್ಯ.

ಈ ಡಂಕನ್ ಯಾರು? ಚಿಕ್ಕವನಿದ್ದಾಗಲೇ ಅಪ್ಪ ಬಿಟ್ಟುಹೋಗಿದ್ದ. ಬೇರೆ ದಾರಿ ಕಾಣದ ತಾಯಿ ಮಕ್ಕಳನ್ನು ಅನಾಥಾಲಯಕ್ಕೆ ಸೇರಿಸಿದ್ದಳು. ಕೆಲವು ವರ್ಷಗಳ ನಂತರ ಆಕೆ ಬಂದು ಕರೆದುಕೊಂಡು ಹೋದಳಾದರೂ, ಬಾಗಿಲ ಕಡೆ ನೋಡುತ್ತ ಕಾಯುವುದು ಎಂದರೇನೆಂದು ಆ ಹುಡುಗನಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ರಿನ್ ಟಿನ್ ಟಿನ್ ಬಗ್ಗೆ 2011ರಲ್ಲಿ ದೊಡ್ಡ ಜೀವನಚರಿತ್ರೆ ಬರೆದ ಸೂಸನ್ ಓರ್ಲಿಯನ್, ಈ ಮನುಷ್ಯನಿಗೂ ಆ ನಾಯಿಗೂ ಇದ್ದ ನಂಟಿನ ಬೇರನ್ನು ಹುಡುಕುವುದು ಈ ಬಾಲ್ಯದಲ್ಲಿಯೇ.

ರಿನ್ ಟಿನ್ ಟಿನ್ ಸುಮಾರು 12 ಅಡಿ ಎತ್ತರ ಹಾರಬಲ್ಲದಾಗಿತ್ತು. 1922ರಲ್ಲಿ ಮೊದಲ ಚಿತ್ರ, 1923ರಲ್ಲಿ ವಾರ್ನರ್ ಬ್ರದರ್ಸ್‌ಗೆ 'ವೇರ್ ದ ನಾರ್ತ್ ಬಿಗಿನ್ಸ್'. ಆಗ ವಾರ್ನರ್ ಸಂಸ್ಥೆ ಸಾಲದಲ್ಲಿ ಮುಳುಗಿದ್ದ ಸಣ್ಣ ಕಂಪನಿ. ಚಿತ್ರಮಂದಿರದವರು ಈ ನಾಯಿಗೆ ಇಟ್ಟ ಅಡ್ಡಹೆಸರು 'ಅಡಮಾನ ಬಿಡಿಸುವವನು' ಎಂಬರ್ಥದ್ದು. ಮುಂದೆ ಹಾಲಿವುಡ್ಡಿನ ದೊಡ್ಡ ನಿರ್ಮಾಪಕನಾದ ಡ್ಯಾರಿಲ್ ಝಾನಕ್ ಮೊದಮೊದಲು ಕೈ ಪಳಗಿಸಿಕೊಂಡದ್ದು ಈ ನಾಯಿಗೆ ಚಿತ್ರಕತೆ ಬರೆದು. ಆ ಚಿತ್ರಗಳಲ್ಲಿ ಹೆಚ್ಚಿನವು ಈಗ ಉಳಿದಿಲ್ಲ. ಉಳಿದಿರುವುದರಲ್ಲಿ 1925ರ 'ಕ್ಲ್ಯಾಶ್ ಆಫ್ ದ ವುಲ್ವ್ಸ್' ನೋಡಲೇಬೇಕಾದದ್ದು. ತೋಳದ ಹಿಂಡಿನ ನಾಯಕನಾದ ನಾಯಿ ಕಾಲಿಗೆ ಮುಳ್ಳು ಚುಚ್ಚಿ ಕುಂಟುತ್ತದೆ. ಕುಂಟಿದರೆ ತನ್ನ ಹಿಂಡೇ ತನ್ನನ್ನು ಮುಗಿಸಬಹುದೆಂದು ಅದಕ್ಕೆ ಗೊತ್ತು. ಆ ಭಯ ಅದರ ಮುಖದಲ್ಲಿ ಕಾಣುತ್ತದೆ ಎಂದು ಅಂದಿನ ಜನ ನಂಬಿದರು, ಇಂದು ನೋಡಿದರೂ ನಂಬುವ ಹಾಗೆಯೇ ಇದೆ. ಕಾಣದಿರುವುದು ಕ್ಯಾಮೆರಾದ ಪಕ್ಕದಲ್ಲಿ ನಿಂತು ಒಂದೇ ಸಮನೆ ಮಾತಾಡುತ್ತಿರುವ ಡಂಕನ್. ಮೂಕಿ ಚಿತ್ರದ ಅನುಕೂಲ ಅದು: ಪಳಗಿಸಿದವನು ಎಷ್ಟು ಬೇಕಾದರೂ ಕೂಗಬಹುದು, ಚಿತ್ರದಲ್ಲಿ ಏನೂ ಕೇಳಿಸದು.

1927ರ ಅಕ್ಟೋಬರ್‌ನಲ್ಲಿ 'ದ ಜಾಝ್ ಸಿಂಗರ್' ಬಂತು. ಸಿನಿಮಾಕ್ಕೆ ಮಾತು ತಂದದ್ದು ಬೇರೆ ಯಾರೂ ಅಲ್ಲ, ನಾಯಿಯ ದುಡಿಮೆಯಿಂದ ಚೇತರಿಸಿಕೊಂಡಿದ್ದ ಅದೇ ವಾರ್ನರ್ ಬ್ರದರ್ಸ್. ಎರಡು ವರ್ಷ ಕಳೆಯುವಷ್ಟರಲ್ಲಿ, 1929ರ ಡಿಸೆಂಬರ್‌ನಲ್ಲಿ ಡಂಕನ್‌ಗೆ ಪತ್ರ ಬಂತು. ಇನ್ನು ಮುಂದೆ ಮಾತಿನ ಚಿತ್ರಗಳು, ನಾಯಿಗಳು ಮಾತಾಡುವುದಿಲ್ಲವಾದ್ದರಿಂದ ಒಪ್ಪಂದ ಮುಂದುವರಿಸುವುದಿಲ್ಲ ಎಂಬುದು ಅದರ ಸಾರಾಂಶ. ಮೂಕಿಯಿಂದ ಟಾಕಿಗೆ ದಾಟುವಾಗ ಕೆಲಸ ಕಳೆದುಕೊಂಡ ನಟನಟಿಯರ ಬಗ್ಗೆ ನಾವು ಬೇಕಾದಷ್ಟು ಓದುತ್ತೇವೆ. ಆ ಪಟ್ಟಿಯಲ್ಲಿ ಹನ್ನೊಂದು ವರ್ಷದ ಒಂದು ನಾಯಿಯೂ ಇತ್ತು. ಸಣ್ಣ ಕಂಪನಿಯೊಂದಕ್ಕೆ ಧಾರಾವಾಹಿ ಚಿತ್ರಗಳಲ್ಲಿ ದುಡಿದು, 1932ರ ಆಗಸ್ಟ್ 10ರಂದು ಡಂಕನ್‌ನ ಮನೆಯಲ್ಲಿ ಅದು ಸತ್ತಿತು. ನೆರೆಮನೆಯ ತಾರೆ ಜೀನ್ ಹಾರ್ಲೋಳ ತೋಳಿನಲ್ಲಿ ಪ್ರಾಣ ಬಿಟ್ಟಿತೆಂಬ ಕತೆ ಆಮೇಲೆ ಹುಟ್ಟಿಕೊಂಡಿತು. ಮೊದಲು ಮನೆಯ ಹಿತ್ತಲಲ್ಲಿ ಹೂತಿದ್ದ ಅದರ ಸಮಾಧಿ ಈಗಿರುವುದು ಪ್ಯಾರಿಸ್ ಬಳಿಯ ಆನಿಯೇರ್‌ನಲ್ಲಿರುವ ನಾಯಿಗಳ ಸ್ಮಶಾನದಲ್ಲಿ. ಹುಟ್ಟಿದ ದೇಶಕ್ಕೆ ಮರಳಿದಂತಾಯಿತು.

*

ಮಾತಿನ ಚಿತ್ರಗಳು ನಾಯಿಗಳನ್ನು ಹೊರಗೆ ಹಾಕಲಿಲ್ಲ, ಪಳಗಿಸುವವರ ಬಾಯಿ ಕಟ್ಟಿದವು, ಅಷ್ಟೆ. ಜರ್ಮನಿಯಿಂದ ವಲಸೆ ಬಂದಿದ್ದ ಕಾರ್ಲ್ ಸ್ಪಿಟ್ಜ್ ಇದಕ್ಕೊಂದು ದಾರಿ ಕಂಡುಕೊಂಡ. ಕೂಗುವ ಬದಲು ಕೈಸನ್ನೆ. ಕೈ ಎತ್ತಿದರೆ ಒಂದು, ಇಳಿಸಿದರೆ ಇನ್ನೊಂದು. ಸೆಟ್ಟಿನಲ್ಲಿ ನಟರು ಮಾತಾಡುತ್ತಿರುವಾಗಲೇ ನಾಯಿ ಅವರ ಹೆಗಲಿನಾಚೆ ಒಂದು ಕೈಯನ್ನು ನೋಡುತ್ತಿರುತ್ತದೆ.

ಸ್ಪಿಟ್ಜ್‌ನ ಹತ್ತಿರ ಟೆರಿ ಎಂಬ ಕೇರ್ನ್ ಟೆರಿಯರ್ ತಳಿಯ ಪುಟ್ಟ ಹೆಣ್ಣುನಾಯಿ ಇತ್ತು. ವಿಪರೀತ ಅಂಜುಬುರುಕಿ, ಮನೆಯ ಜಮಖಾನೆ ಒದ್ದೆ ಮಾಡುತ್ತದೆ ಎಂದು ತಂದು ತರಬೇತಿಗೆ ಬಿಟ್ಟವರು ಮತ್ತೆ ಬಂದು ಕರೆದೊಯ್ಯಲಿಲ್ಲ. 1939ರ 'ದ ವಿಝರ್ಡ್ ಆಫ್ ಓಝ್' ಚಿತ್ರದಲ್ಲಿ ಡೊರೊಥಿಯ ಜೊತೆ ಸುಂಟರಗಾಳಿಯಲ್ಲಿ ಹಾರಿಹೋಗುವ ಟೋಟೋ ಅದೇ. ವಾರಕ್ಕೆ 125 ಡಾಲರ್ ಸಂಬಳ. ಚಿತ್ರೀಕರಣದಲ್ಲಿ ಮಾಟಗಾತಿಯ ಕಾವಲುಗಾರನ ವೇಷದವನೊಬ್ಬ ಕಾಲು ತುಳಿದು, ಗುಣವಾಗುವವರೆಗೂ ಬದಲಿ ನಾಯಿಯಿಂದ ಕೆಲಸ ಮಾಡಿಸಬೇಕಾಯಿತು. ಇಡೀ ಚಿತ್ರದಲ್ಲಿ ಪರದೆ ಸರಿಸಿ, ಮಹಾಮಾಂತ್ರಿಕನೆಂಬುವನು ಹಿಂದೆ ನಿಂತು ಯಂತ್ರ ತಿರುಗಿಸುತ್ತಿರುವ ಸಾಮಾನ್ಯ ಮನುಷ್ಯ ಎಂದು ಬಯಲು ಮಾಡುವುದು ಈ ನಾಯಿಯೇ. ಪರದೆಯ ಹಿಂದೆ ಯಾರಿದ್ದಾರೆಂಬುದು ನಾಯಿಗೆ ಗೊತ್ತಿರುತ್ತದೆ!

1945ರಲ್ಲಿ ಸತ್ತ ಟೆರಿಯನ್ನು ಸ್ಪಿಟ್ಜ್ ತನ್ನ ಜಾಗದಲ್ಲೇ ಹೂತ. 1958ರಲ್ಲಿ ವೆಂಚುರಾ ಹೆದ್ದಾರಿ ಬಂದಾಗ ಆ ಸಮಾಧಿ ರಸ್ತೆಯ ಅಡಿಗೆ ಹೋಯಿತು. 2011ರಲ್ಲಿ ಹಾಲಿವುಡ್ಡಿನ ಸ್ಮಶಾನವೊಂದರಲ್ಲಿ ನೆನಪಿನ ಪ್ರತಿಮೆ ನಿಲ್ಲಿಸಿದರು. ಅದರ ಕೆಳಗೆ ಟೆರಿ ಇಲ್ಲ.

ಲ್ಯಾಸಿಯ ಕತೆಯೂ ಇದೇ ಜಾಡಿನದು. ಲ್ಯಾಸಿಯಾಗಿ ನಟಿಸಿದ್ದು ಪ್ಯಾಲ್ ಎಂಬ ಗಂಡು ಕೋಲಿ ನಾಯಿ. ಬೇಸಿಗೆಯಲ್ಲಿ ಹೆಣ್ಣು ಕೋಲಿಗಳ ಕೂದಲು ತುಂಬ ಉದುರುವುದರಿಂದ ಗಂಡಿಗೆ ಪಾತ್ರ ಸಿಕ್ಕಿತು. ಪ್ಯಾಲ್‌ಗೆ ಮೋಟಾರ್ ಸೈಕಲ್ ಅಟ್ಟಿಸಿಕೊಂಡು ಹೋಗುವ ಚಟ. ಅದನ್ನು ಬಿಡಿಸಲೆಂದು ಅದರ ಒಡೆಯ ತರಬೇತುದಾರ ರಡ್ ವೆದರ್‌ವ್ಯಾಕ್ಸ್ ಬಳಿ ತಂದ. ಹತ್ತು ಡಾಲರ್ ಬಿಲ್ಲು ಆಯಿತು. ದುಡ್ಡು ಕೊಡುವ ಬದಲು ನಾಯಿಯನ್ನೇ ಅಲ್ಲಿ ಬಿಟ್ಟ. ಹೀಗೆ ಹತ್ತು ಡಾಲರಿಗೆ ಬಿಟ್ಟುಹೋದ ನಾಯಿಯ ಸಂತತಿ ಮುಂದೆ ದೂರದರ್ಶನದಲ್ಲಿ 1954ರಿಂದ 1973ರವರೆಗೆ ಲ್ಯಾಸಿಯ ಪಾತ್ರ ಮಾಡಿತು.

1943ರ 'ಲ್ಯಾಸಿ ಕಮ್ ಹೋಮ್' ಚಿತ್ರದ ಕತೆಯಲ್ಲೂ ಮೊದಲು ಕೈಬಿಡುವವರು ಮನುಷ್ಯರೇ. ಯಾರ್ಕ್‌ಶೈರಿನ ಬಡ ಸಂಸಾರ. ಅಪ್ಪನಿಗೆ ಕೆಲಸ ಹೋಗಿದೆ. ಮಗನ ಜೀವದಂತಿರುವ ನಾಯಿಯನ್ನು ಶ್ರೀಮಂತ ಡ್ಯೂಕನಿಗೆ ಮಾರುತ್ತಾರೆ. ಅವನು ಅದನ್ನು ಸ್ಕಾಟ್ಲೆಂಡಿಗೆ ಒಯ್ಯುತ್ತಾನೆ. ಅಲ್ಲಿಂದ ನೂರಾರು ಮೈಲಿ ನಡೆದು, ಕಾಲು ಒಡೆದು, ನಾಯಿ ಶಾಲೆಯ ಗೇಟಿಗೆ ಬಂದು ನಿಲ್ಲುತ್ತದೆ. ಕಾದಂಬರಿ ಬರೆದ ಎರಿಕ್ ನೈಟ್ ಸ್ವತಃ ಯಾರ್ಕ್‌ಶೈರಿನವನು, ಚಿಕ್ಕಂದಿನಲ್ಲೇ ಕಾರ್ಖಾನೆಗಳಲ್ಲಿ ದುಡಿದವನು. ಚಿತ್ರ ಬಿಡುಗಡೆಯಾಗುವ ಮೊದಲೇ, 1943ರ ಜನವರಿಯಲ್ಲಿ, ವಿಮಾನ ಅಪಘಾತದಲ್ಲಿ ತೀರಿಕೊಂಡ. ಯುದ್ಧದ ನಡುವೆ, ಮನೆಗೆ ಮರಳುವವರಿಗಾಗಿ ಕಾಯುತ್ತಿದ್ದ ಜನರಿಗೆ ಈ ಚಿತ್ರ ಏನು ಹೇಳಿರಬಹುದೆಂದು ಊಹಿಸುವುದು ಕಷ್ಟವಲ್ಲ. ಆದರೆ ನಾವು ಲ್ಯಾಸಿಯ ನಿಷ್ಠೆಯನ್ನು ನೆನಪಿಟ್ಟುಕೊಂಡೆವು, ಮಾರಾಟವನ್ನು ಮರೆತೆವು.

ಹೆಸರುಗಳನ್ನೂ ಮರೆತೆವು. ಬ್ಲೇರ್ ರೋವರ್ ಆಯಿತು, ಪ್ಯಾಲ್ ಲ್ಯಾಸಿಯಾಯಿತು. ಟೆರಿಯ ಹೆಸರನ್ನಂತೂ ಚಿತ್ರ ಬಂದ ಮೇಲೆ ಅಧಿಕೃತವಾಗಿಯೇ ಟೋಟೋ ಎಂದು ಬದಲಿಸಿದರು. ಇದನ್ನು ಬರೆಯುವಾಗ ನನಗೆ ನೆನಪಾಗುವುದು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಹತ್ತನೆಯ ಶತಮಾನದ ನಡುವೆ, ತಕ್ಕೋಲದ ಯುದ್ಧದ ನಂತರ, ಗಂಗ ಬೂತುಗನ ಕಡೆಯ ವೀರ ಮಣಲೇರನಿಗೆ ಬೇಕಾದ್ದನ್ನು ಕೇಳಿಕೋ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಸೆಣಸಿ, ಹಂದಿಯೂ ತಾನೂ ಒಟ್ಟಿಗೇ ಸತ್ತಾಗ ಕಲ್ಲು ನೆಟ್ಟು ಭೂಮಿ ಬಿಡಿಸಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷದ ಹಿಂದಿನ ಬೇಟೆನಾಯಿಯ ಸ್ವಂತ ಹೆಸರು ಕಲ್ಲಿನಲ್ಲಿ ಉಳಿದಿದೆ. ಲಕ್ಷಾಂತರ ಜನ ನೋಡಿದ ಸಿನಿಮಾ ನಾಯಿಯ ಹೆಸರನ್ನು ನಾವು ಹುಡುಕಿ ತೆಗೆಯಬೇಕಾಗಿದೆ.

*

ಸಿನಿಮಾಕ್ಕೆ ಬರುವ ಮೊದಲೇ ದಂತಕತೆಯಾದ ನಾಯಿ ಜಪಾನಿನ ಹಾಚಿ. ಟೋಕಿಯೊ ವಿಶ್ವವಿದ್ಯಾಲಯದ ಕೃಷಿ ಪ್ರಾಧ್ಯಾಪಕ ಉಯೆನೊ ಹಿದೆಸಬುರೊ 1925ರ ಮೇ 21ರಂದು ಕೆಲಸದ ಜಾಗದಲ್ಲೇ ತೀರಿಕೊಂಡರು. ಅವರ ಅಕಿತಾ ನಾಯಿ ಹಾಚಿ ಶಿಬುಯಾ ರೈಲು ನಿಲ್ದಾಣದಲ್ಲಿ ಹತ್ತಿರ ಹತ್ತಿರ ಹತ್ತು ವರ್ಷ ಕಾದು, 1935ರ ಮಾರ್ಚ್ 8ರಂದು ಸತ್ತಿತು. 1987ರಲ್ಲಿ 'ಹಾಚಿಕೊ ಮೊನೊಗತಾರಿ' ಎಂಬ ಜಪಾನಿ ಚಿತ್ರ, 2009ರಲ್ಲಿ ರಿಚರ್ಡ್ ಗೇರ್ ನಟಿಸಿದ ಅಮೆರಿಕದ ಚಿತ್ರ ಬಂದವು. ಎರಡನ್ನೂ ಕಣ್ಣೀರಿಲ್ಲದೆ ನೋಡುವುದು ಕಷ್ಟ.

ಆ ಹತ್ತು ವರ್ಷ ಮನುಷ್ಯರು ಏನು ಮಾಡಿದರು ಎಂಬುದೂ ಚರಿತ್ರೆಯಲ್ಲಿದೆ. ಪ್ರಾಧ್ಯಾಪಕರು ಹೋದ ಮೇಲೆ ಮನೆ ಒಡೆಯಿತು, ಹಾಚಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಯಿತು, ಕೊನೆಗೆ ಅವರ ತೋಟಗಾರನ ಮನೆಯಲ್ಲಿ ನೆಲೆ ಸಿಕ್ಕಿತು. ನಿಲ್ದಾಣದಲ್ಲಿ ಏಟು ತಿಂದಿತು, ಮುಖಕ್ಕೆ ಮಸಿ ಬಳಿಸಿಕೊಂಡಿತು. 1932ರಲ್ಲಿ ಪತ್ರಿಕೆಯೊಂದರಲ್ಲಿ ಅದರ ಕತೆ ಬಂದದ್ದೇ ಬಂದದ್ದು, ಓಡಿಸುತ್ತಿದ್ದವರೇ ಮುದ್ದು ಮಾಡತೊಡಗಿದರು. 1934ರಲ್ಲಿ ಬದುಕಿರುವಾಗಲೇ ಕಂಚಿನ ಪ್ರತಿಮೆ. ಶಾಲೆಯ ನೀತಿಪಾಠದ ಪುಸ್ತಕಕ್ಕೂ ಹಾಚಿ ಸೇರಿತು. ಆ ಹೊತ್ತಿನ ಜಪಾನಿಗೆ ಚಕ್ರವರ್ತಿಗೆ ನಿಷ್ಠರಾದ ಪ್ರಜೆಗಳು ಬೇಕಾಗಿದ್ದರು. ನಾಯಿಯ ನಿಷ್ಠೆ ಮಕ್ಕಳಿಗೆ ಮೇಲ್ಪಂಕ್ತಿಯಾಯಿತು. ಕೆಲವೇ ವರ್ಷಗಳಲ್ಲಿ ಯುದ್ಧಕ್ಕೆ ಲೋಹ ಬೇಕಾಗಿ ಆ ನಿಷ್ಠೆಯ ಪ್ರತಿಮೆಯನ್ನೇ ಕರಗಿಸಿದರು. ಈಗಿರುವುದು 1948ರಲ್ಲಿ, ಮೊದಲ ಶಿಲ್ಪಿಯ ಮಗ ಮಾಡಿದ ಪ್ರತಿಮೆ. ಹಾಚಿ ಬರುತ್ತಿದ್ದದ್ದು ನಿಲ್ದಾಣದ ಬಳಿ ಸಿಗುವ ಸುಟ್ಟ ಕೋಳಿಮಾಂಸಕ್ಕಾಗಿ ಎಂದು ವಾದಿಸಿದವರೂ ಇದ್ದರು. ಅದರ ಹೊಟ್ಟೆಯಲ್ಲಿ ಆ ಮಾಂಸ ಚುಚ್ಚುವ ಕಡ್ಡಿಗಳು ಸಿಕ್ಕಿದ್ದೂ ನಿಜ. ನನಗೆ ಇದರಿಂದ ಹಾಚಿ ಚಿಕ್ಕದಾಗಿ ಕಾಣುವುದಿಲ್ಲ. ಒಡೆಯ ಹೋದ ನಾಯಿಗೆ ಹಸಿವೂ ಆಗುತ್ತದೆ ಎಂಬುದನ್ನು ಪಠ್ಯಪುಸ್ತಕ ಹೇಳಲಿಲ್ಲ, ಅಷ್ಟೆ.

*

ನಾಯಿಯ ನಿಷ್ಠೆಗೂ ಒಂದು ಮಿತಿ ಇದೆ, ಅದನ್ನು ಮನುಷ್ಯ ಮುರಿಯಬಲ್ಲ ಎಂದು ತೋರಿಸಿದ ಚಿತ್ರ ವಿಟ್ಟೋರಿಯೊ ಡಿ ಸಿಕಾನ 'ಉಂಬೆರ್ತೊ ಡಿ.' (1952). ಪಿಂಚಣಿ ಸಾಲದ, ಬಾಡಿಗೆ ಕಟ್ಟಲಾಗದ ಮುದುಕ, ಅವನ ಪುಟ್ಟ ನಾಯಿ ಫ್ಲೈಕ್. ಮುದುಕನಾಗಿ ನಟಿಸಿದ ಕಾರ್ಲೊ ಬತ್ತಿಸ್ತಿ ವೃತ್ತಿ ನಟನಲ್ಲ, ಭಾಷಾವಿಜ್ಞಾನದ ಪ್ರಾಧ್ಯಾಪಕ.

ರೋವರ್ ಚಿತ್ರದಲ್ಲಿ ಯಾರೂ ಕೇಳದ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಈ ನಾಯಿ ಮನೆ ಕಾಯುವವನದ್ದಲ್ಲ, ಮನೆ ಕಳೆದುಕೊಳ್ಳುವವನದ್ದು. ಉಂಬೆರ್ತೊ ಭಿಕ್ಷೆಗೆ ಕೈ ಚಾಚುತ್ತಾನೆ. ಯಾರೋ ದುಡ್ಡು ಹಾಕಲು ಬಂದಾಗ ಮಾನ ಅಡ್ಡ ಬಂದು, ಮಳೆ ಬರುತ್ತಿದೆಯೇ ಎಂದು ನೋಡುವವನಂತೆ ಅಂಗೈ ಮಗುಚುತ್ತಾನೆ. ಆಮೇಲೆ ಟೋಪಿಯನ್ನು ನಾಯಿಯ ಬಾಯಿಗೆ ಕೊಟ್ಟು ತಾನು ಕಂಬದ ಮರೆಗೆ ಹೋಗುತ್ತಾನೆ. ನಾಯಿ ಎರಡು ಕಾಲಿನ ಮೇಲೆ ಕೂತು ಬೇಡುತ್ತದೆ. ಇನ್ನೊಂದು ಕಡೆ, ಕಳೆದುಹೋದ ಫ್ಲೈಕ್‌ನನ್ನು ಹುಡುಕಿ ಅವನು ನಾಯಿದೊಡ್ಡಿಗೆ ಹೋಗುತ್ತಾನೆ. ಬಿಡಿಸಿಕೊಳ್ಳಲು ದುಡ್ಡಿಲ್ಲದ ಇನ್ನೊಬ್ಬ ಬಡವ ಅಲ್ಲಿ ನಿಂತಿದ್ದಾನೆ. ನಾಯಿಗಳನ್ನು ಕೊಲ್ಲುವ ಕೋಣೆಗೆ ಪಂಜರ ತಳ್ಳುತ್ತಿದ್ದಾರೆ.

ಕೊನೆಯಲ್ಲಿ ಉಂಬೆರ್ತೊ ಸಾಯಲು ನಿರ್ಧರಿಸಿ, ನಾಯಿಯನ್ನು ಎದೆಗವಚಿಕೊಂಡು ರೈಲು ಹಳಿಯ ಬಳಿ ನಿಲ್ಲುತ್ತಾನೆ. ರೈಲು ಹತ್ತಿರ ಬಂದಾಗ ಫ್ಲೈಕ್ ಹೆದರಿ ಕೊಸರಿಕೊಂಡು ಓಡುತ್ತದೆ. ಅದರ ಹಿಂದೆ ಹೋದದ್ದರಿಂದಲೇ ಮುದುಕನೂ ಉಳಿಯುತ್ತಾನೆ. ಆದರೆ ಅವನು ಕರೆದಾಗ ನಾಯಿ ಬರುವುದಿಲ್ಲ. ಮರದ ಹಿಂದೆ ನಿಂತು ಅವನನ್ನು ನೋಡುತ್ತದೆ, ನಂಬುವುದಿಲ್ಲ. ಅಮೆರಿಕದ ನಾಯಿಚಿತ್ರಗಳಲ್ಲಿ ನಾನು ಎಲ್ಲೂ ಕಾಣದ ನೋಟ ಇದು. ಮುದುಕ ಪೈನ್ ಮರದ ಕಾಯೊಂದನ್ನು ಎತ್ತಿಕೊಂಡು ಆಟಕ್ಕೆ ಕರೆಯುತ್ತಾನೆ. ಅಂಗಲಾಚುತ್ತಾನೆ. ಸ್ವಲ್ಪ ಹೊತ್ತಿಗೆ ನಾಯಿ ಹತ್ತಿರ ಬರುತ್ತದೆ. ಮನೆ ಇಲ್ಲದ ಇಬ್ಬರೂ ಮರಗಳ ಸಾಲಿನ ನಡುವೆ ಆಡುತ್ತ ದೂರ ಹೋಗುತ್ತಾರೆ.

*

ಮಹಾಪ್ರಸ್ಥಾನದ ಕತೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಅವನ ಭಾರತದಲ್ಲಿ ಇದು ಬರುವುದಿಲ್ಲ, ಮುಂದಿನ ಪರ್ವಗಳನ್ನು ಬರೆದವನು ತಿಮ್ಮಣ್ಣ ಕವಿ. ತಮ್ಮಂದಿರೂ ದ್ರೌಪದಿಯೂ ದಾರಿಯಲ್ಲಿ ಬಿದ್ದ ಮೇಲೆ ಯುಧಿಷ್ಠಿರನ ಜೊತೆ ಉಳಿಯುವುದು ಒಂದು ನಾಯಿ. ಸ್ವರ್ಗದಲ್ಲಿ ನಾಯಿಗೆ ಜಾಗವಿಲ್ಲ, ಬಿಟ್ಟು ರಥ ಹತ್ತು ಎನ್ನುತ್ತಾನೆ ಇಂದ್ರ. ತಮ್ಮಂದಿರನ್ನೂ ಹೆಂಡತಿಯನ್ನೂ ಬಿಟ್ಟು ಬಂದವನಿಗೆ ನಾಯಿ ಬಿಡಲು ಏನು ಕಷ್ಟ ಎಂದು ಕೆಣಕುತ್ತಾನೆ. ಯುಧಿಷ್ಠಿರನ ಉತ್ತರ ನೇರವಾಗಿದೆ: ಅವರು ಬದುಕಿರುವಾಗ ನಾನು ಬಿಟ್ಟವನಲ್ಲ, ನಂಬಿ ಬಂದದ್ದನ್ನು ಬಿಟ್ಟು ನನಗೆ ಸ್ವರ್ಗ ಬೇಡ. ಆ ಕತೆಯಲ್ಲಿ ನಾಯಿ ಏನೂ ಮಾಡುವುದಿಲ್ಲ. ಮಗುವನ್ನು ಉಳಿಸುವುದಿಲ್ಲ, ಕಳ್ಳನನ್ನು ಹಿಡಿಯುವುದಿಲ್ಲ, ಸುಮ್ಮನೆ ಹಿಂದೆ ಬರುತ್ತದೆ. ಪರೀಕ್ಷೆ ನಾಯಿಯದಲ್ಲ, ಮನುಷ್ಯನದು.

ನಮ್ಮ ಸಿನಿಮಾಗಳು ಬಹಳ ಕಾಲ ಈ ಪರೀಕ್ಷೆಯನ್ನು ಮತ್ತೆ ನಾಯಿಯ ಮೇಲೆಯೇ ಹೊರಿಸಿದವು. ಕನ್ನಡಕ್ಕೆ 'ಗಂಧದ ಗುಡಿ', 'ಮಯೂರ', 'ಸನಾದಿ ಅಪ್ಪಣ್ಣ' ಕೊಟ್ಟ ವಿಜಯ್ ರೆಡ್ಡಿ 1985ರಲ್ಲಿ ಹಿಂದಿಯಲ್ಲಿ ಮಾಡಿದ 'ತೇರಿ ಮೆಹರ್‌ಬಾನಿಯಾಂ' ಚಿತ್ರದಲ್ಲಿ, ಕೊಲೆಯಾದ ಒಡೆಯನ ಸೇಡನ್ನು ನಾಯಿಯೇ ತೀರಿಸುತ್ತದೆ. ಮನುಷ್ಯರ ನ್ಯಾಯ ಸೋತಲ್ಲಿ ನಾಯಿ ದುಡಿಯಬೇಕು.

2022ರ ಜೂನ್ 10ರಂದು ಬಿಡುಗಡೆಯಾದ ಕಿರಣ್‌ರಾ‌ಜ್ ಕೆ. ಅವರ '777 ಚಾರ್ಲಿ' ಈ ಲೆಕ್ಕವನ್ನು ತಿರುಗಿಸಿತು ಎಂಬುದೇ ಅದರ ಬಗ್ಗೆ ನನಗಿರುವ ಗೌರವ. ಅತ್ಯುತ್ತಮ ಕನ್ನಡ ಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಬಂತು. ರಕ್ಷಿತ್ ಶೆಟ್ಟಿ ಮಾಡಿದ ಪಾತ್ರದ ಹೆಸರು ಧರ್ಮ. ಯಾರೂ ಬೇಡವೆಂದು ಬದುಕುವ, ಯಾರಿಗೂ ಬೇಡವಾದ ಮನುಷ್ಯ. ದುಡ್ಡಿಗಾಗಿ ಮರಿ ಹಾಕಿಸುವವನ ಹಿಂಸೆಯಿಂದ ತಪ್ಪಿಸಿಕೊಂಡ ಲ್ಯಾಬ್ರಡಾರ್ ಅವನ ಬಾಗಿಲಿಗೆ ಬರುತ್ತದೆ. ಅದಕ್ಕೆ ಬಂದಿರುವ ಕಾಯಿಲೆ ಹತ್ತಿರದ ರಕ್ತಸಂಬಂಧದಲ್ಲೇ ಸಂತಾನ ಬೆಳೆಸಿದ್ದರ ಫಲ. ನಾಯಿ ಯಾರನ್ನೂ ಉಳಿಸಲು ಓಡುವುದಿಲ್ಲ. ನಾಯಿಯ ಆಸೆಗಾಗಿ ಧರ್ಮನೇ ಅದನ್ನು ಕರೆದುಕೊಂಡು ಹಿಮದ ಬೆಟ್ಟದವರೆಗೆ ಹೋಗುತ್ತಾನೆ. ಹೆಸರನ್ನೂ ದಾರಿಯನ್ನೂ ನೋಡಿದರೆ ಮಹಾಪ್ರಸ್ಥಾನ ನೆನಪಾಗದೆ ಇರದು. ಚಿತ್ರದ ಕೆಲವು ಕಡೆ ಕಣ್ಣೀರು ಅಗತ್ಯಕ್ಕಿಂತ ಹೆಚ್ಚಾಯಿತು ಎನ್ನುವವರ ಮಾತನ್ನು ನಾನೂ ಒಪ್ಪುತ್ತೇನೆ. ಆದರೂ ಪರೀಕ್ಷೆ ಯಾರದು ಎಂಬುದನ್ನು ಅದು ಸರಿಯಾಗಿ ಹಿಡಿದಿದೆ.

ಇದಿಷ್ಟನ್ನೂ ನಾನು ಬರೀ ಸಿನಿಮಾದ ಮಾತಾಗಿ ಹೇಳುತ್ತಿಲ್ಲ. ಅಮೆರಿಕದ ಕೆನೆಲ್ ಕ್ಲಬ್ಬಿನ ನೋಂದಣಿಗಳನ್ನು ನಾಯಿ ಇರುವ ಚಿತ್ರಗಳ ಜೊತೆ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. 'ಲ್ಯಾಸಿ ಕಮ್ ಹೋಮ್' ಬಂದ ಎರಡು ವರ್ಷಗಳಲ್ಲಿ ಕೋಲಿ ನಾಯಿಗಳ ನೋಂದಣಿ ಶೇ. 40ರಷ್ಟು ಏರಿತ್ತು. ಚಿತ್ರದ ಪ್ರಭಾವ ಹತ್ತು ವರ್ಷದವರೆಗೂ ಇರಬಲ್ಲದು ಎಂದು ಆ ಅಧ್ಯಯನ ಹೇಳುತ್ತದೆ. 1996ರಲ್ಲಿ ಡಾಲ್ಮೇಷಿಯನ್ ನಾಯಿಗಳ ಡಿಸ್ನಿ ಚಿತ್ರ ಬಂದ ಮರುವರ್ಷ ಅಮೆರಿಕದ ಆಶ್ರಯತಾಣಗಳಿಗೆ ಜನ ತಂದು ಬಿಟ್ಟ ಡಾಲ್ಮೇಷಿಯನ್‌ಗಳು ತುಂಬಿದವು. ಪರದೆಯ ಮೇಲೆ ನಿಷ್ಠೆ ಕಂಡು ಮರಿ ಕೊಂಡವರು, ಮರಿ ದೊಡ್ಡದಾಗಿ ಗೋಡೆ ಕೆರೆದಾಗ ಬಿಟ್ಟರು. ಕೈಬಿಟ್ಟ ನಾಯಿಗಳಿಂದ ಸಿನಿಮಾ ನಿಷ್ಠೆಯ ಕತೆ ಕಟ್ಟಿತು, ಆ ಕತೆ ಮತ್ತಷ್ಟು ನಾಯಿಗಳನ್ನು ಬೀದಿಗೆ ತಂದಿತು.

ಮಲೆನಾಡಿನ ನಮ್ಮ ಮನೆಯಲ್ಲಿ ನಾಯಿ ಜಗಲಿ ಹತ್ತುವಂತಿರಲಿಲ್ಲ. ಆದರೆ ಅದಕ್ಕೆ ಅನ್ನ ಹಾಕದೆ ಅಜ್ಜಿ ಉಣ್ಣುತ್ತಿರಲಿಲ್ಲ. ಈಗ ನಾನಿರುವ ಬೆಂಗಳೂರಿನಲ್ಲಿ ನಾಯಿ ಮಂಚದ ಮೇಲೆ ಮಲಗುತ್ತದೆ, ಮನೆ ಬದಲಿಸುವಾಗ ಕೆಲವೊಮ್ಮೆ ಹಳೆಯ ಬೀದಿಯಲ್ಲೇ ಉಳಿದುಬಿಡುತ್ತದೆ. ಕೊರಳಲ್ಲಿ ಪಟ್ಟಿ ಇನ್ನೂ ಇರುವ ಹಸ್ಕಿ, ಲ್ಯಾಬ್ರಡಾರ್‌ಗಳು ಕಸದ ರಾಶಿಯ ಪಕ್ಕ ನಿಂತಿರುವುದನ್ನು ನೀವೂ ನೋಡಿರಬಹುದು. ಬೀದಿನಾಯಿಗಳ ಬಗ್ಗೆ ನಮ್ಮ ನಗರಗಳಲ್ಲಿ ನಡೆದಿರುವ ಜಗಳದಲ್ಲಿ ಕಚ್ಚಿಸಿಕೊಂಡ ಮಗುವಿನ ತಾಯಿಗೂ ನ್ಯಾಯ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ನಾಯಿಗಳಲ್ಲಿ ಕೆಲವು ಬೀದಿಗೆ ಬಂದದ್ದು ಹೇಗೆ ಎಂಬ ಚರಿತ್ರೆಯನ್ನೂ ಜೊತೆಗೇ ಕೇಳಬೇಕು.

ಹಾಗೆ ನಿಂತ ನಾಯಿ ಹೋಗುವ ಪ್ರತಿ ಸ್ಕೂಟರಿನ ಕಡೆಗೂ ತಲೆ ಎತ್ತಿ ನೋಡುತ್ತದೆ. ಸಿನಿಮಾದಲ್ಲಾದರೆ ಆ ನೋಟದ ತುದಿಯಲ್ಲಿ, ಚೌಕಟ್ಟಿನ ಆಚೆ, ಒಬ್ಬ ಡಂಕನ್ ಇರುತ್ತಾನೆ, ಒಬ್ಬ ಸ್ಪಿಟ್ಜ್ ಇರುತ್ತಾನೆ. ಇಲ್ಲಿ ಆ ಜಾಗದಲ್ಲಿ ನಿಂತಿರುವವರು ನಾವೇ.